ಔಷಧಿ ಅಂಗಡಿಯಿಂದ ಮೇಯರ್ ಕುರ್ಚಿಗೆ: ಸ್ಟೆಪ್ನಿಯ ಆಸ್ಕರ್ ಟೋಬಿನ್ ಬಗ್ಗೆ ಮಾತಾಡೋಣ

ಹಳೇಪುಟ:

ಎಲ್ಲರಿಗೂ ನಮಸ್ಕಾರ. ಕ್ಲೆಮೆಂಟ್ ಆಟ್ಲಿ ಹೆಸರು ನಮಗೆಲ್ಲ ಗೊತ್ತು. ಭಾರತಕ್ಕೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿ ಯಾರು ಅನ್ನುವ ಪ್ರಶ್ನೆಗೆ ಶಾಲೆಯಲ್ಲಿ ಬರೆದ ಉತ್ತರ. ಆದರೆ ಅವರು ಮೊದಲು ಕೂತ ಅಧಿಕಾರದ ಕುರ್ಚಿ ಯಾವುದು ಗೊತ್ತಾ? ಲಂಡನ್ನಿನ ಪೂರ್ವ ಭಾಗದ ಸ್ಟೆಪ್ನಿ ಅನ್ನುವ ಬಡ ಪ್ರದೇಶದ ಮೇಯರ್ ಕುರ್ಚಿ. 1919ರ ನವೆಂಬರ್‌ನಲ್ಲಿ, 36ನೇ ವಯಸ್ಸಿನಲ್ಲಿ. ಅವರನ್ನು ಆ ಕುರ್ಚಿಯವರೆಗೆ ಕರೆತಂದವರಲ್ಲಿ ಮುಖ್ಯವಾದವರು ಆಸ್ಕರ್ ಟೋಬಿನ್. ರುಮೇನಿಯಾದಲ್ಲಿ ಹುಟ್ಟಿದ ಯಹೂದಿ. ಲಂಡನ್ನಿಗೆ ವಲಸೆ ಬಂದು ಔಷಧಿ ಅಂಗಡಿ ಇಟ್ಟವರು. ಸಮಾಜವಾದಿ. ಮುಂದೆ, 1920ರ ದಶಕದ ಆರಂಭದಲ್ಲಿ, ಅವರೇ ಸ್ಟೆಪ್ನಿಯ ಮೇಯರ್ ಆದರು.

ಆಟ್ಲಿಯ ಜೀವನಚರಿತ್ರೆಗಳಲ್ಲಿ ಟೋಬಿನ್‌ಗೆ ಸಿಗುವುದು ಒಂದೆರಡು ಪುಟ ಅಷ್ಟೇ. ನನಗೆ ಆ ಒಂದೆರಡು ಪುಟದಲ್ಲೇ ಜೀವ.

ಮೊದಲು ಜಾಗದ ಬಗ್ಗೆ ಹೇಳುತ್ತೇನೆ, ಅದಿಲ್ಲದೆ ಮನುಷ್ಯ ಅರ್ಥವಾಗುವುದಿಲ್ಲ. ಸ್ಟೆಪ್ನಿಯಲ್ಲಿ ಆಗ ಸುಮಾರು ಎರಡೂವರೆ ಲಕ್ಷ ಜನ. ಥೇಮ್ಸ್ ಹೊಳೆಯ ಕಡೆ ವಾಪಿಂಗ್, ಶಾಡ್ವೆಲ್, ಲೈಮ್‌ಹೌಸ್. ಅಲ್ಲಿ ಹಡಗುಕಟ್ಟೆಯಲ್ಲಿ ಮೂಟೆ ಹೊರುವ ಐರಿಷ್ ಕ್ಯಾಥೊಲಿಕರು. ಮೇಲಿನ ಕಡೆ ವೈಟ್‌ಚಾಪೆಲ್, ಮೈಲ್ ಎಂಡ್. ಅಲ್ಲಿ ಹೊಲಿಗೆ ಕೆಲಸ ಮಾಡುವ ಯಹೂದಿಗಳು. ಇಬ್ಬರೂ ಬಡವರೇ. ಆದರೆ ಭಾಷೆ ಬೇರೆ, ದೇವರು ಬೇರೆ, ಕೆಲಸ ಬೇರೆ, ಊಟ ಬೇರೆ. ಒಬ್ಬರ ಬೀದಿಗೆ ಇನ್ನೊಬ್ಬರು ಸುಮ್ನೆ ಕಾಲಿಡುತ್ತಿರಲಿಲ್ಲ. ಸಮಾಜವಾದಿಗಳೂ ಹಾಗೇ ಹರಿದು ಹಂಚಿಹೋಗಿದ್ದರು.

1918ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಟೋಬಿನ್ ಈ ಎರಡೂ ಕಡೆಯವರನ್ನು ಒಂದೇ ಲೇಬರ್ ಸಂಘಟನೆಯೊಳಗೆ ತರುವ ಕೆಲಸಕ್ಕೆ ಇಳಿದರು. ಐರಿಷರ ಕಡೆಯಿಂದ ಮ್ಯಾಟ್ ಆಯ್ಲ್‌ವರ್ಡ್ ಜೊತೆಯಾದರು. 1919ರ ಶುರುವಿನಲ್ಲಿ ಸೈನ್ಯದಿಂದ ಮೇಜರ್ ಆಗಿ ಮರಳಿದ ಆಟ್ಲಿ ಟೋಬಿನ್‌ರನ್ನು ಕಾಣಲು ಹೋದದ್ದು ಅಂಗಡಿಯ ಮೇಲಿದ್ದ ಮನೆಗೆ. ಮುಂದೇನು ಮಾಡಬೇಕು ಅನ್ನುವ ಮಾತು ಅಲ್ಲೇ ನಡೆಯಿತು.

ಆ ನವೆಂಬರ್‌ನಲ್ಲಿ ಚುನಾವಣೆ. ಸ್ಟೆಪ್ನಿಯ 60 ಸ್ಥಾನಗಳಲ್ಲಿ 43 ಲೇಬರ್ ಪಕ್ಷಕ್ಕೆ! ಗೆದ್ದ ಮೇಲೆ ಹೊಸ ಕಷ್ಟ ಶುರುವಾಯಿತು. ಮೇಯರ್ ಯಹೂದಿಯಾದರೆ ಐರಿಷರಿಗೆ ಬೇಸರ. ಐರಿಷ್ ಆದರೆ ಯಹೂದಿಗಳಿಗೆ ಬೇಸರ. ಹಾಗಾಗಿ ಎರಡೂ ಕಡೆಗೆ ಸೇರದ, ಇಬ್ಬರಿಗೂ ಬೇಕಾದ ಆಟ್ಲಿಯನ್ನು ಹೊರಗಿನಿಂದ ಕರೆದು ಕೂರಿಸಿದರು. ಅಲ್ಲಿನ ಕಾನೂನಿನಲ್ಲಿ ಮೇಯರ್ ಆಗಲು ಸದಸ್ಯನೇ ಆಗಿರಬೇಕೆಂದಿರಲಿಲ್ಲ.

ಇಷ್ಟು ದುಡಿದ ಮನುಷ್ಯ ಆ ದಿನ ಕುರ್ಚಿ ತನಗೆ ಬೇಕು ಅಂತ ಹಟ ಹಿಡಿಯಲಿಲ್ಲ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿ. ನಿಮಗೆ ಏನನ್ನಿಸುತ್ತದೆ?

ಹೊಸಓದುಗ:

ಹೊಸ ವಿಷಯ ಸರ್, ಈ ಹೆಸರನ್ನೇ ಕೇಳಿರಲಿಲ್ಲ. ಒಂದು ಪ್ರಶ್ನೆ. ರಷ್ಯಾದಿಂದ ಯಹೂದಿಗಳು ಓಡಿ ಬಂದದ್ದು ಓದಿದ್ದೇನೆ. ರುಮೇನಿಯಾದಲ್ಲಿ ಏನಾಗಿತ್ತು? ಅಲ್ಲೂ ದಂಗೆಗಳಾ?

ಹಳೇಪುಟ:

ಒಳ್ಳೆಯ ಪ್ರಶ್ನೆ. ಅಲ್ಲಿ ಹೊಡೆತಕ್ಕಿಂತ ಕಾಗದದ ಕಾಟ ಜಾಸ್ತಿ.

1878ರಲ್ಲಿ ಬರ್ಲಿನ್ ಒಪ್ಪಂದ ಆಯಿತು. ರುಮೇನಿಯಾ ಸ್ವತಂತ್ರ ದೇಶವೆಂದು ದೊಡ್ಡ ರಾಷ್ಟ್ರಗಳು ಒಪ್ಪಿದವು. ಆದರೆ ಒಂದು ಷರತ್ತು ಹಾಕಿದವು. ಧರ್ಮದ ಕಾರಣಕ್ಕೆ ಯಾರಿಗೂ ಹಕ್ಕು ತಪ್ಪಿಸಬಾರದು ಅಂತ. 44ನೇ ವಿಧಿ. ರುಮೇನಿಯಾ ಮರುವರ್ಷ ಸಂವಿಧಾನ ತಿದ್ದಿತು, ನಿಜ. ಆದರೆ ಹೇಗೆ ತಿದ್ದಿತು ನೋಡಿ. ಯಹೂದಿಗಳಿಗೆ ಪೌರತ್ವ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ, ಪಾರ್ಲಿಮೆಂಟಿನ ಒಪ್ಪಿಗೆಯ ಮೇಲೆ! ಹೀಗಾಗಿ ಮುಂದಿನ ದಶಕಗಳಲ್ಲಿ ಪೌರತ್ವ ಸಿಕ್ಕವರು ತೀರಾ ಕಡಿಮೆ. ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಸೈನ್ಯದಲ್ಲಿ ದುಡಿದವರೂ ಕಾಗದದ ಮೇಲೆ ಪರದೇಶಿಗಳು. ಪರದೇಶಿ ಅಂದ ಮೇಲೆ ವಕೀಲಿಕೆ ಇಲ್ಲ, ಸರ್ಕಾರಿ ಕೆಲಸ ಇಲ್ಲ. ಔಷಧಿ ಅಂಗಡಿ ಇಡುವುದಕ್ಕೂ ಅಡ್ಡಿ. ಈ ಕೊನೆಯ ಸಂಗತಿಯನ್ನು ಟೋಬಿನ್ ಪಕ್ಕದಲ್ಲಿಟ್ಟು ನೋಡಿ.

1900ರ ಹೊತ್ತಿಗೆ ಎಷ್ಟೋ ಯುವಕರು ಗುಂಪು ಕಟ್ಟಿಕೊಂಡು ನಡೆದೇ ದೇಶ ಬಿಟ್ಟರು. ಅವರಿಗೆ ಯಹೂದಿಗಳ ಆಡುಮಾತಾದ ಯಿಡ್ಡಿಷ್ ಭಾಷೆಯಲ್ಲಿ ‘ಫುಸ್‌ಗೆಯರ್’ ಅಂತ ಹೆಸರು, ಅಂದರೆ ಕಾಲ್ನಡಿಗೆಯವರು. ದಾರಿಯ ಊರುಗಳಲ್ಲಿ ಹಾಡಿ, ನಾಟಕ ಆಡಿ, ಅದರಿಂದ ಬಂದ ಕಾಸಿನಲ್ಲಿ ಬಂದರು ತಲುಪುತ್ತಿದ್ದರು. ಬ್ರಿಟನ್ನೂ ಬಾಗಿಲು ತೆರೆದೇ ಇಟ್ಟಿರಲಿಲ್ಲ. 1905ರಲ್ಲಿ ವಲಸೆ ತಡೆಯುವ ಕಾನೂನು ತಂದಿತು. ಬಂದು ನೆಲೆಸಿದವರು ಬ್ರಿಟಿಷ್ ಪೌರರಾಗಬೇಕಾದರೆ ಶುಲ್ಕವೇ 5 ಪೌಂಡ್. ಹೊಲಿಗೆಯವನಿಗೆ ಅದು ಹಲವು ವಾರಗಳ ಕೂಲಿ. ಹಾಗಾಗಿ ಸ್ಟೆಪ್ನಿಯಲ್ಲಿ ಇಪ್ಪತ್ತು ವರ್ಷ ಬಾಳಿದ ಎಷ್ಟೋ ಜನರಿಗೆ ವೋಟೇ ಇರಲಿಲ್ಲ. ಅಂಥ ಬೀದಿಯಲ್ಲಿ ನಿಂತು ಟೋಬಿನ್ ಪಕ್ಷ ಕಟ್ಟಿದರು.

ಕೌಂಟರ್‌ಹಿಂದೆ:

ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟು ಹದಿನಾಲ್ಕು ವರ್ಷ ಆಯಿತು. ಡಿ.ಫಾರ್ಮ್ ಓದಿದವಳು. ಈ ಚರ್ಚೆ ಓದಿ ಬರೆಯದೆ ಇರಲು ಆಗಲಿಲ್ಲ.

ಔಷಧಿ ಅಂಗಡಿಯವರು ರಾಜಕೀಯಕ್ಕೆ ಬಂದದ್ದು ನಿಮಗೆ ಆಶ್ಚರ್ಯ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಬಡವರಿಗೆ ಮೊದಲ ಡಾಕ್ಟರ್ ನಾವೇ. ಡಾಕ್ಟರ ಫೀಸು ಉಳಿಸಲು ಮೊದಲು ನಮ್ಮ ಹತ್ತಿರ ಬರುತ್ತಾರೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಖಾಲಿ ಸ್ಟ್ರಿಪ್ ತೋರಿಸಿ, ‘ಇದೇ ಮಾತ್ರೆ ಎರಡು ಕೊಡಕ್ಕಾ’ ಅನ್ನುತ್ತಾರೆ.

ಆ ಕಾಲದ ಬ್ರಿಟನ್ನಿನ ಬಗ್ಗೆ ನಮ್ಮ ವೃತ್ತಿಯ ಚರಿತ್ರೆಯಲ್ಲಿ ಓದಿದ್ದೆ. 1911ರಲ್ಲಿ ಅಲ್ಲಿನ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಆರೋಗ್ಯ ವಿಮೆಯ ಕಾನೂನು ತಂದರು. ವಾರಕ್ಕೆ ಕೆಲಸಗಾರ 4 ಪೆನ್ಸ್, ಮಾಲೀಕ 3 ಪೆನ್ಸ್, ಸರ್ಕಾರ 2 ಪೆನ್ಸ್. ಡಾಕ್ಟರ ಚೀಟಿ ತಂದರೆ ಅಂಗಡಿಯವರು ಔಷಧಿ ಕೊಡಬೇಕು. 1913ರಿಂದ ಇದು ಜಾರಿಗೆ ಬಂತು. ಒಳ್ಳೆಯದೇ. ಆದರೆ ಅದು ದುಡಿಯುವವನಿಗೆ ಮಾತ್ರ. ಹೆಂಡತಿಗಿಲ್ಲ, ಮಕ್ಕಳಿಗಿಲ್ಲ! ಕಿಟಕಿಯಲ್ಲಿ ಕೆಂಪು ಹಸಿರು ನೀರು ತುಂಬಿದ ದೊಡ್ಡ ಗಾಜಿನ ಬುರುಡೆ ಇಡುತ್ತಿದ್ದ ಆ ಕಾಲದ ಅಂಗಡಿಗಳಿಗೆ ಚೀಟಿ ಇಲ್ಲದೆ ಬರುತ್ತಿದ್ದವರು ಈ ಹೆಂಗಸರು, ಮಕ್ಕಳೇ. ಯಾರಿಗೆ ರಕ್ಷಣೆ ಇದೆ, ಯಾರಿಗಿಲ್ಲ ಅನ್ನುವುದು ಕೌಂಟರ್ ಹಿಂದೆ ನಿಂತವರಿಗೆ ದಿನಾ ಕಾಣುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದಿನ ಮಳೆಗಾಲ. ಒಂದೇ ಓಣಿಯಿಂದ ನಾಲ್ಕು ದಿನದಲ್ಲಿ ಹನ್ನೊಂದು ಮನೆಯವರು ಓಆರ್‌ಎಸ್ ಪ್ಯಾಕೆಟ್ ಕೇಳಿಕೊಂಡು ಬಂದರು. ನಲ್ಲಿ ನೀರಿಗೆ ಚರಂಡಿ ಸೇರುತ್ತಿದೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಸಂಬಂಧಪಟ್ಟವರಿಗೆ ಹೇಳಿದೆ, ಬರೆದು ಕೊಟ್ಟೆ. ಮೂರು ವಾರ ಯಾರೂ ಬರಲಿಲ್ಲ. ಆ ಮೂರು ವಾರವೂ ನಾನು ಪ್ಯಾಕೆಟ್ ಮಾರುತ್ತಲೇ ಇದ್ದೆ. ಆ ದುಡ್ಡು ಕೈಯಲ್ಲಿ ಹಿಡಿದಾಗ ಸಂಕಟ ಆಗುತ್ತಿತ್ತು.

ಟೋಬಿನ್ ಮನಸ್ಸಿನಲ್ಲಿ ಏನಿತ್ತೋ, ನಾನು ಹೇಳಲಾರೆ. ಆದರೆ ಕೆಮ್ಮಿನ ಔಷಧಿ ಮಾರುತ್ತಾ ಮಾರುತ್ತಾ, ಈ ಕೆಮ್ಮು ಬರುತ್ತಿರುವುದು ಸೋರುವ ಗೋಡೆಯಿಂದ ಅಂತ ಗೊತ್ತಾದ ಮೇಲೆ, ಎಷ್ಟು ದಿನ ಬರೀ ಬಾಟಲಿ ಮಾರಲು ಆಗುತ್ತದೆ ಹೇಳಿ.

ಹಳೇಪುಟ:

ಅಕ್ಕಾ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸೋರುವ ಗೋಡೆಯ ಮಾತು ಎತ್ತಿದಿರಲ್ಲ, ಹೊಸ ಕೌನ್ಸಿಲ್ ಹಿಡಿದ ಮೊದಲ ಕೆಲಸಗಳಲ್ಲಿ ಅದೂ ಒಂದು. ಬಾಡಿಗೆ ಸುಲಿದು ರಿಪೇರಿ ಮಾಡಿಸದ ಮನೆಮಾಲೀಕರಿಗೆ ಕಾನೂನಿನ ನೋಟಿಸ್ ಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ, ಕೆಲಸ ಮಾಡಿಸಿದರು. ನೈರ್ಮಲ್ಯ ಇನ್ಸ್‌ಪೆಕ್ಟರ್‌ಗಳನ್ನು ನೇಮಿಸಿದರು. ಬಾಣಂತಿಯರ ಮನೆಮನೆಗೆ ಹೋಗುವ ಆರೋಗ್ಯ ಸಹಾಯಕಿಯರನ್ನು ನೇಮಿಸಿದರು. ಶಿಶುಮರಣ ಇಳಿಯಿತು. ಈ ಅಧಿಕಾರಗಳು ಕಾನೂನಿನಲ್ಲಿ ಮೊದಲೇ ಇದ್ದವು. ಬಳಸುವವರು ಇರಲಿಲ್ಲ, ಅಷ್ಟೇ.

ಎರಡನೇಮಾತು:

ನಾನು ಸ್ವಲ್ಪ ಬೇರೆ ಥರ ಯೋಚಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಟೋಬಿನ್ ಪಾತ್ರವನ್ನು ನಾವು ದೊಡ್ಡದು ಮಾಡುತ್ತಿದ್ದೇವೆ ಅನ್ನಿಸುತ್ತದೆ. ಆಟ್ಲಿ 1905ರಿಂದಲೇ ಸ್ಟೆಪ್ನಿಗೆ ಬರುತ್ತಿದ್ದವರು. ಬಡ ಹುಡುಗರ ಕ್ಲಬ್ ನಡೆಸಿದವರು, ಅಲ್ಲೇ ವಾಸ ಮಾಡಿದವರು. 1908ರಲ್ಲೇ ಅಲ್ಲಿನ ಸಮಾಜವಾದಿ ಪಕ್ಷ ಸೇರಿದ್ದರು. ಆಕ್ಸ್‌ಫರ್ಡ್‌ನಲ್ಲಿ ಓದಿದ ವಕೀಲ, ಯುದ್ಧದಿಂದ ಬಂದ ಮೇಜರ್. ಅಂಥವರು ಟೋಬಿನ್ ಇರಲಿ ಇಲ್ಲದಿರಲಿ ಮೇಲೆ ಬರುತ್ತಿದ್ದರು, ಅಲ್ವಾ?

ಹಳೇಪುಟ:

ಬೇಜಾರು ಯಾಕೆ ಸರ್, ಕೇಳಬೇಕಾದ ಪ್ರಶ್ನೆಯೇ. ಒಂದೇ ಒಂದು ಅಂಕಿ ಇಡುತ್ತೇನೆ. 1909ರಲ್ಲಿ ಇದೇ ಆಟ್ಲಿ ಇದೇ ಸ್ಟೆಪ್ನಿಯ ಕೌನ್ಸಿಲ್ ಚುನಾವಣೆಗೆ ನಿಂತಿದ್ದರು. ಬಿದ್ದ ವೋಟು 69. ಆಗಲೂ ಅವರು ಆಕ್ಸ್‌ಫರ್ಡ್ ವಕೀಲರೇ, ಕ್ಲಬ್ ನಡೆಸುತ್ತಿದ್ದವರೇ, ಬೀದಿ ಮೂಲೆಯಲ್ಲಿ ನಿಂತು ಭಾಷಣ ಮಾಡುತ್ತಿದ್ದವರೇ.

ಹತ್ತು ವರ್ಷದಲ್ಲಿ ಬದಲಾದದ್ದು ಏನು? ಯುದ್ಧ ಮುಗಿದಿತ್ತು. 1918ರ ಕಾನೂನಿನಿಂದ 21 ದಾಟಿದ ಬಹುತೇಕ ಎಲ್ಲ ಗಂಡಸರಿಗೂ, 30 ದಾಟಿದ ಬಹುಪಾಲು ಹೆಂಗಸರಿಗೂ ಪಾರ್ಲಿಮೆಂಟಿನ ವೋಟು ಸಿಕ್ಕಿತ್ತು, ಸ್ಥಳೀಯ ಮತದಾರರ ಪಟ್ಟಿಯೂ ಬೆಳೆದಿತ್ತು. ಲಂಡನ್ ತುಂಬಾ ಗಾಳಿ ಲೇಬರ್ ಕಡೆ ಬೀಸಿತ್ತು, 28 ಕೌನ್ಸಿಲ್‌ಗಳಲ್ಲಿ 12 ಅವರ ಕೈಗೆ ಬಂದವು. ಇದನ್ನೆಲ್ಲ ಟೋಬಿನ್ ಮಾಡಿದರು ಅಂತ ನಾನು ಹೇಳುವುದಿಲ್ಲ. ಆದರೆ ಗಾಳಿ ಬೀಸಿದಾಗ ತೂರಿಕೊಳ್ಳಲು ಮೊರ ಬೇಕಲ್ಲ. ಐರಿಷ್ ಬೀದಿಯಲ್ಲೂ ಯಹೂದಿ ಬೀದಿಯಲ್ಲೂ ಒಂದೇ ಪಕ್ಷದ ಹೆಸರಿನಲ್ಲಿ ಮನೆ ಬಾಗಿಲು ತಟ್ಟುವ ಜನರನ್ನು ಮೊದಲೇ ಸೇರಿಸಿ ಇಟ್ಟಿದ್ದವರು ಟೋಬಿನ್ ಮತ್ತು ಜೊತೆಗಾರರು.

ಇನ್ನೊಂದು ಮಾತು. 1919ರ ಮಾರ್ಚ್‌ನಲ್ಲೇ ಆಟ್ಲಿ ಇಡೀ ಲಂಡನ್ನಿನ ಆಡಳಿತವಾದ ಲಂಡನ್ ಕೌಂಟಿ ಕೌನ್ಸಿಲ್‌ಗೆ ಲೈಮ್‌ಹೌಸ್‌ನಿಂದ ನಿಂತು ಸುಮಾರು 80 ವೋಟಿನಿಂದ ಸೋತಿದ್ದರು. ಸೋತವರನ್ನು ಬದಿಗಿಡುವುದು ಸುಲಭ. ಬದಲಿಗೆ ನವೆಂಬರ್ ಚುನಾವಣೆಯ ಪ್ರಚಾರವನ್ನೇ ಅವರ ಕೈಗೆ ಕೊಟ್ಟರು. ಆಮೇಲೆ ಮೇಯರ್ ಮಾಡಿದರು. ಮೂರು ವರ್ಷದಲ್ಲಿ, 1922ರಲ್ಲಿ, ಲೈಮ್‌ಹೌಸ್‌ನಿಂದಲೇ ಪಾರ್ಲಿಮೆಂಟಿಗೆ ಗೆಲ್ಲಿಸಿದರು. 1945ರಲ್ಲಿ ಪ್ರಧಾನಿಯಾದಾಗಲೂ ಅವರು ಲೈಮ್‌ಹೌಸ್ ಸದಸ್ಯರೇ.

ಥೇಮ್ಸ್‌ದಂಡೆ:

ಲಂಡನ್ನಿನಲ್ಲಿ ಇರುವ ಕನ್ನಡಿಗ ನಾನು. ಆಫೀಸಿಗೆ ಹೋಗುವ ದಾರಿ ವೈಟ್‌ಚಾಪೆಲ್ ಮೇಲೆಯೇ. ಸ್ಟೆಪ್ನಿ ಈಗ ಬೇರೆ ಆಡಳಿತ ಅಲ್ಲ, 1965ರಲ್ಲಿ ಪಾಪ್ಲರ್, ಬೆತ್ನಲ್ ಗ್ರೀನ್ ಜೊತೆ ಸೇರಿ ಟವರ್ ಹ್ಯಾಮ್ಲೆಟ್ಸ್ ಆಗಿದೆ. ಯಹೂದಿಗಳು ಬಹುಪಾಲು ಬೇರೆ ಕಡೆ ಹೋಗಿ ನೆಲೆಸಿದರು. ಈಗ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು ಜಾಸ್ತಿ. ಬ್ರಿಕ್ ಲೇನ್‌ನಲ್ಲಿ ಒಂದು ಕಟ್ಟಡ ಇದೆ. 1743ರಲ್ಲಿ ಫ್ರಾನ್ಸಿನಿಂದ ಓಡಿ ಬಂದ ಪ್ರಾಟೆಸ್ಟೆಂಟರು ಕಟ್ಟಿದ ಚರ್ಚು. 1898ರಿಂದ ಯಹೂದಿಗಳ ಸಿನಗಾಗ್. 1976ರಿಂದ ಮಸೀದಿ. ಅದರ ಮುಂದೆ ನಿಂತರೆ ಈ ಪ್ರದೇಶದ ಕಥೆ ಅರ್ಧ ತಿಳಿದ ಹಾಗೆ.

ಐರಿಷರು, ಯಹೂದಿಗಳು ಸೇರಿದ್ದು ಟೋಬಿನ್ ಒಬ್ಬರಿಂದ ಅಲ್ಲ ಅನ್ನುವುದನ್ನೂ ಹೇಳಬೇಕು. 1912ರಲ್ಲಿ ಹಡಗುಕಟ್ಟೆ ಕಾರ್ಮಿಕರ ದೊಡ್ಡ ಮುಷ್ಕರ ನಡೆಯಿತು. ಅದೇ ವರ್ಷ ಯಹೂದಿ ಹೊಲಿಗೆಯವರೂ ಮುಷ್ಕರ ಹೂಡಿ ಗೆದ್ದಿದ್ದರು. ಹಡಗುಕಟ್ಟೆಯವರ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಆಗ ಯಹೂದಿ ಮನೆಯವರು ಅವರ ಮಕ್ಕಳನ್ನು ಕರೆದುಕೊಂಡು ಬಂದು ಇಟ್ಟುಕೊಂಡರು, ಊಟ ಹಾಕಿದರು. ಸುಮಾರು 300 ಮಕ್ಕಳು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗಳಲ್ಲಿ ಇನ್ನೊಂದು ಮಗುವಿಗೆ ಜಾಗ ಮಾಡಿದರು! 1936ರ ಅಕ್ಟೋಬರ್ 4ರಂದು ಯಹೂದಿಗಳನ್ನು ದ್ವೇಷಿಸುತ್ತಿದ್ದ ಆಸ್ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟರು ಮೆರವಣಿಗೆ ಹೊರಟಾಗ ಕೇಬಲ್ ಸ್ಟ್ರೀಟ್‌ನಲ್ಲಿ ಅಡ್ಡ ನಿಂತವರಲ್ಲಿ ಯಹೂದಿಗಳ ಪಕ್ಕದಲ್ಲಿ ಐರಿಷ್ ಹಡಗುಕಟ್ಟೆಯವರೂ ಇದ್ದರು. 1912ರಲ್ಲಿ ಆ ಮನೆಗಳಲ್ಲಿ ಉಂಡ ಮಕ್ಕಳು ಆ ದಿನ ಪ್ರಾಯಕ್ಕೆ ಬಂದಿದ್ದರು.

ನಮ್ಮವರಿಗೆ ಹತ್ತಿರದ ಒಂದು ಉದಾಹರಣೆಯೂ ಇದೆ. ಥೇಮ್ಸ್ ಇನ್ನೊಂದು ದಂಡೆಯ ಲ್ಯಾಂಬೆತ್‌ನಲ್ಲಿ 2010ರಲ್ಲಿ ಮೇಯರ್ ಆದವರು ಡಾ. ನೀರಜ್ ಪಾಟೀಲ್. ಕಲಬುರಗಿ ಜಿಲ್ಲೆಯ ಕಮಲಾಪುರದವರು, ವೃತ್ತಿಯಿಂದ ಡಾಕ್ಟರ್, ಅದೇ ಲೇಬರ್ ಪಕ್ಷ. ಪಾರ್ಲಿಮೆಂಟ್ ಎದುರಿನ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದು ಅವರ ಓಡಾಟದಿಂದ. ಹೊರಗಿನಿಂದ ಬಂದು, ರೋಗಿಗಳ ನಡುವೆ ದುಡಿದು, ಅದೇ ಬೀದಿಗಳ ಮೇಯರ್ ಆಗುವುದು ಈಗ ದೊಡ್ಡ ಸುದ್ದಿ ಅಲ್ಲ. ಟೋಬಿನ್ ಕಾಲದಲ್ಲಿ ಅದು ಎಷ್ಟು ಕಷ್ಟವಾಗಿತ್ತು ಅಂತ ಪ್ರತಿಮೆಯ ಹತ್ತಿರ ಹೋದಾಗಲೆಲ್ಲ ಇನ್ನು ಮೇಲೆ ನೆನಪಾಗುತ್ತದೆ.

ಎರಡನೇಮಾತು:

69 ವೋಟಿನ ವಿಷಯ ಗೊತ್ತಿರಲಿಲ್ಲ. ಆ ಭಾಗ ಒಪ್ಪುತ್ತೇನೆ.

ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿದೆ. ಯಹೂದಿ ಮೇಯರ್ ಬೇಡ, ಐರಿಷ್ ಮೇಯರ್ ಬೇಡ, ಇಬ್ಬರಿಗೂ ಸೇರದವರು ಇರಲಿ. ಇದನ್ನು ಓದುವಾಗ ನಮ್ಮ ಟಿಕೆಟ್ ಹಂಚಿಕೆಯ ಜಾತಿ ಲೆಕ್ಕವೇ ಕಣ್ಣಮುಂದೆ ಬರುತ್ತದೆ. ಸಮಾಜವಾದಿಗಳು ಇದನ್ನು ಮೀರಬೇಕಿತ್ತಲ್ಲ? ಈ ಥರದ ಹೊಂದಾಣಿಕೆ ಬಹಳ ದಿನ ಬಾಳುವುದೂ ಇಲ್ಲ. ಅದೇ 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಸ್ಟೆಪ್ನಿಯ ಲೇಬರ್ ಪಕ್ಷದೊಳಗೆ ಬಿರುಕು ಬಂತು. ಕ್ಯಾಥೊಲಿಕ್ ಐರಿಷರಲ್ಲಿ ಹಲವರು ಅಲ್ಲಿನ ಸರ್ಕಾರದ ವಿರುದ್ಧ ದಂಗೆ ಎದ್ದ ಸೇನಾನಾಯಕ ಫ್ರಾಂಕೋ ಕಡೆ ವಾಲಿದರು. ಯಹೂದಿಗಳಿಗೆ ಫ್ರಾಂಕೋ ಅಂದರೆ ಹಿಟ್ಲರನ ಗೆಳೆಯ. ಲೆಕ್ಕದ ಮೇಲೆ ಕಟ್ಟಿದ್ದು ಲೆಕ್ಕ ತಪ್ಪಿದಾಗ ಅಲುಗಾಡಿತು.

ಹಳೇಪುಟ:

ನೀವು ಹೇಳಿದ್ದು ನಿಜ, ಮುಚ್ಚಿಡುವುದಕ್ಕಾಗುವುದಿಲ್ಲ. ಲೆಕ್ಕ ಇತ್ತು. ಆದರೆ ಲೆಕ್ಕ ಯಾತಕ್ಕೆ ಅನ್ನುವುದನ್ನೂ ನೋಡಬೇಕು. ಕುರ್ಚಿ ಹಂಚಿಕೊಂಡು ಮನೆಗೆ ಹೋಗುವುದಕ್ಕೆ ಮಾಡುವ ಲೆಕ್ಕ ಒಂದು. ಒಡೆದು ಹೋದ ಜನ ಒಂದು ಕೆಲಸವನ್ನು ಒಟ್ಟಿಗೆ ಶುರುಮಾಡಲಿ ಅಂತ ಮಾಡುವ ಲೆಕ್ಕ ಇನ್ನೊಂದು. ಮನೆ ರಿಪೇರಿಯ ನೋಟಿಸ್ ಐರಿಷ್ ಬೀದಿಗೂ ಹೋಯಿತು, ಯಹೂದಿ ಬೀದಿಗೂ ಹೋಯಿತು. ಅದರಲ್ಲಿ ಪಾಲು ಮಾಡಲಿಲ್ಲ.

1921ರಲ್ಲಿ ಪಕ್ಕದ ಪಾಪ್ಲರ್‌ನಲ್ಲಿ ಆದದ್ದನ್ನು ನೋಡಿ. ಬಡ ಪ್ರದೇಶಗಳಲ್ಲಿ ನಿರುದ್ಯೋಗಿಗಳು ಜಾಸ್ತಿ. ಅವರಿಗೆ ಕೊಡುವ ನೆರವಿನ ಖರ್ಚನ್ನು ಅದೇ ಬಡ ಪ್ರದೇಶವೇ ತನ್ನ ತೆರಿಗೆಯಿಂದ ತುಂಬಬೇಕಿತ್ತು. ಶ್ರೀಮಂತ ಪ್ರದೇಶಗಳಿಗೆ ಆ ಹೊರೆ ಇರಲಿಲ್ಲ. ಇದು ಅನ್ಯಾಯ ಅಂತ ಪಾಪ್ಲರ್ ಕೌನ್ಸಿಲ್ ಮೇಲಿನವರಿಗೆ ಕಟ್ಟಬೇಕಾದ ತೆರಿಗೆ ನಿಲ್ಲಿಸಿತು. ಅಲ್ಲಿನ ಲೇಬರ್ ನಾಯಕ ಜಾರ್ಜ್ ಲ್ಯಾನ್ಸ್‌ಬರಿ ಸೇರಿ 30 ಸದಸ್ಯರು ಜೈಲಿಗೆ ಹೋದರು, ಅವರಲ್ಲಿ ಐದು ಹೆಂಗಸರು. ಆ ಐವರಲ್ಲೊಬ್ಬರು, ಮಿನ್ನಿ ಲ್ಯಾನ್ಸ್‌ಬರಿ ಅನ್ನುವ ಯಹೂದಿ ವಲಸಿಗರ ಮಗಳು, ಜೈಲಿನಿಂದ ಹೊರಬಂದ ಕೆಲವೇ ತಿಂಗಳಲ್ಲಿ, 1922ರ ಜನವರಿ 1ರಂದು, ನ್ಯುಮೋನಿಯಾದಿಂದ ತೀರಿಕೊಂಡರು. ಆಗ 32 ವರ್ಷ. ನಾವೂ ಇದೇ ದಾರಿ ಹಿಡಿಯುತ್ತೇವೆ ಅಂತ ಸ್ಟೆಪ್ನಿ, ಬೆತ್ನಲ್ ಗ್ರೀನ್ ಎದ್ದು ನಿಂತ ಮೇಲೆ ಸರ್ಕಾರ ಬಗ್ಗಿತು. ನೆರವಿನ ಹೊರೆಯನ್ನು ಇಡೀ ಲಂಡನ್ ಹಂಚಿಕೊಳ್ಳುವ ಕಾನೂನು ಬಂತು. ಒಡೆದು ನಿಂತ ಸ್ಟೆಪ್ನಿ ಅಂಥ ಮಾತು ಆಡಲು ಆಗುತ್ತಿತ್ತಾ?

ಸ್ಪೇನ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಹದಿನೆಂಟು ವರ್ಷ ಬಾಳಿತು. ನನ್ನ ಕಣ್ಣಿಗೆ ಅದು ಸಣ್ಣದಲ್ಲ.

ಹೊಸಓದುಗ:

ಇಷ್ಟೆಲ್ಲ ಓದಿದ ಮೇಲೆ ಒಂದು ಬೇಸರ. ಆಟ್ಲಿಗೆ ಪ್ರತಿಮೆ ಇದೆ, ಪುಸ್ತಕಗಳಿವೆ. ಟೋಬಿನ್ ಮುಖ ಹೇಗಿತ್ತು ಅಂತಲೂ ನಮಗೆ ಗೊತ್ತಿಲ್ಲ.

ಥೇಮ್ಸ್‌ದಂಡೆ:

ಶನಿವಾರ ಮೈಲ್ ಎಂಡ್ ಕಡೆ ನಡೆದು ಬರುತ್ತೇನೆ. ಸ್ಥಳೀಯ ಇತಿಹಾಸದ ಗ್ರಂಥಾಲಯ ಬ್ಯಾಂಕ್ರಾಫ್ಟ್ ರೋಡಿನಲ್ಲಿದೆ. ಹಳೆಯ ಮೇಯರ್‌ಗಳ ಫೋಟೋ ಇದೆಯಾ ಅಂತ ಕೇಳುತ್ತೇನೆ.

ಕೌಂಟರ್‌ಹಿಂದೆ:

ಕೇಳಿ ತಮ್ಮಾ, ಸಿಕ್ಕರೆ ಇಲ್ಲಿ ಖಂಡಿತ ಹಾಕಿ. ಪ್ರಿಂಟ್ ತೆಗೆಸಿ ಅಂಗಡಿಯಲ್ಲಿ ಇಟ್ಟುಕೊಳ್ಳುತ್ತೇನೆ.

ನಮ್ಮಲ್ಲಿ ಬುಧವಾರ ವಾರ್ಡ್ ಸಭೆ ಇದೆಯಂತೆ. ಇಷ್ಟು ವರ್ಷ ಒಂದಕ್ಕೂ ಹೋದವಳಲ್ಲ, ಅಂಗಡಿ ಮುಚ್ಚಿದರೆ ಗಿರಾಕಿ ವಾಪಸ್ ಹೋಗುತ್ತಾರೆ ಅಂತ. ಈ ಸಲ ಮೂರರಿಂದ ಐದರವರೆಗೆ ಬಾಗಿಲು ಹಾಕುತ್ತೇನೆ. ಆ ಮಳೆಗಾಲದ ಹನ್ನೊಂದು ಮನೆಗಳ ಲೆಕ್ಕ ಬಿಲ್ ಪುಸ್ತಕದಲ್ಲಿ ತಾರೀಖಿನ ಸಮೇತ ಇದೆ. ಅದನ್ನೇ ತೆಗೆದುಕೊಂಡು ಹೋಗುತ್ತಿದ್ದೇನೆ.